ಪಕ್ಕದ ಸೀಟಿನಲ್ಲಿ ಚನ್ನಕೇಶವ

ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರು ಹಲ್ಲಿನ ಕ್ಲಿನಿಕ್ ಇಟ್ಟುಕೊಂಡಿರುವ ಡಾಕ್ಟರ್ ತುಂಗಾಗೆ ಕಾರಿನ ಹುಚ್ಚು ಹತ್ತಿದ್ದು ಮೂವತ್ತೈದು ದಾಟಿದ ಮೇಲೆ. ಊರಿನ ಮೋಟಾರ್ ಕ್ಲಬ್ಬಿನವರು ಒಂದು ಭಾನುವಾರ ಗದ್ದೆಬಯಲಿನಲ್ಲಿ ಹೆಂಗಸರಿಗೆಂದೇ ಪಂದ್ಯ ಇಟ್ಟಿದ್ದರು. ತಮಾಷೆಗೆ ಹೆಸರು ಕೊಟ್ಟವಳು ಎರಡನೆಯವಳಾಗಿ ಗೆದ್ದು, ಕತ್ತಿನವರೆಗೂ ಕೆಸರು ಮೆತ್ತಿಕೊಂಡು ಮನೆಗೆ ಬಂದಳು. ಆಮೇಲೆ ವಾರವೆಲ್ಲ ಹಲ್ಲು, ಭಾನುವಾರ ಕಾರು. ಹಳೆಯದೊಂದು ಸಣ್ಣ ಕಾರು ಕೊಂಡು, ಹಿಂದಿನ ಸೀಟು ಕೀಳಿಸಿ, ಮಗುಚಿದರೂ ಜಜ್ಜಿಹೋಗದಿರಲಿ ಅಂತ ಒಳಗೆ ಕಬ್ಬಿಣದ ಪಂಜರ ಬೆಸುಗೆ ಹಾಕಿಸಿದಳು. ಕ್ಲಿನಿಕ್ಕಿಗೆ ಬಂದವರು ಬಾಯಿ ಕಳೆಯುವ ಮೊದಲು, "ಈ ಸಲ ಎಷ್ಟನೆಯೋರು ಡಾಕ್ಟ್ರೇ?" ಅಂತ ಕೇಳಿಯೇ ಕೇಳುತ್ತಿದ್ದರು.

ಕೇಳದೆ ಇದ್ದವನು ಅವಳ ಗಂಡ ಒಬ್ಬನೇ. ಚನ್ನಕೇಶವ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಚಾರ್ಮಾಡಿ ಘಾಟಿ ಇಳಿಯುವಾಗ ಬಸ್ಸಿನಲ್ಲೇ ಕಣ್ಣು ಮುಚ್ಚಿಕೊಳ್ಳುವ ಜೀವ. ರೇಸು ಬೇಡ ಅಂದವನಲ್ಲ, ನೋಡಲು ಬಂದವನೂ ಅಲ್ಲ. ರ‍್ಯಾಲಿಯ ದಿನ ಉತ್ತರಪತ್ರಿಕೆ ಹರಡಿಕೊಂಡು ಮನೆಯಲ್ಲೇ ಇರುತ್ತಿದ್ದ. ಇವನಿಗೆ ಇದರಲ್ಲಿ ಆಸಕ್ತಿಯಿಲ್ಲ ಅಂತ ತುಂಗಾ ಎಂದೋ ತೀರ್ಮಾನಿಸಿ, ಬೇಸರವನ್ನು ಹೇಳದೆ ಒಳಗೇ ಇಟ್ಟುಕೊಂಡಿದ್ದಳು.

ಆ ವರ್ಷ ಮಳೆ ಬಿಟ್ಟ ಮೇಲೆ, ಕಾಫಿ ಕೊಯ್ಲು ಶುರುವಾಗುವ ಮೊದಲು, ದೇವರಮನೆ ಕಡೆಯ ಎಸ್ಟೇಟ್ ರಸ್ತೆಗಳಲ್ಲಿ ಕ್ಲಬ್ ರ‍್ಯಾಲಿ ನಿಗದಿಯಾಯಿತು. ಇಂಥ ರ‍್ಯಾಲಿಯಲ್ಲಿ ಓಡಿಸುವವರ ಪಕ್ಕ ಇನ್ನೊಬ್ಬರು ಕೂತು, ಮುಂದೆ ಬರುವ ತಿರುವನ್ನು ಬರೆದಿಟ್ಟುಕೊಂಡು ಓದಿ ಹೇಳಬೇಕು. ಒಂದು ಅಂದರೆ ಪೂರಾ ಕಡಿದಾದ ತಿರುವು, ಆರು ಅಂದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯದೆ ಹೋಗಬಹುದಾದದ್ದು. ತುಂಗಾಗೆ ಯಾವಾಗಲೂ ಓದುತ್ತಿದ್ದವಳು ಬ್ಯಾಂಕಿನ ಗಾನವಿ. ಇನ್ನೊಂದು ವಾರ ಇದೆ ಅನ್ನುವಾಗ ಅವಳಿಗೆ ಡೆಂಗಿ ಜ್ವರ ಹಿಡಿಯಿತು.

"ಬಿಡಿ ತುಂಗಕ್ಕ, ಬೇರೆ ಯಾರನ್ನಾದ್ರೂ ಕೂರಿಸ್ಕೊಳಿ," ಅಂತ ಗಾನವಿ ಹಾಸಿಗೆಯಿಂದಲೇ ಫೋನು ಮಾಡಿದಳು. ಯಾರೂ ಸಿಗಲಿಲ್ಲ. ಹೆಸರು ವಾಪಸ್ಸು ತೆಗೆಯುತ್ತೇನೆ ಅಂತ ತುಂಗಾ ಊಟಕ್ಕೆ ಕೂತಾಗ ಹೇಳಿದಳು.

ಚನ್ನಕೇಶವ ಮಜ್ಜಿಗೆ ಬಡಿಸಿಕೊಳ್ಳುತ್ತ, "ಓದೋದೇ ತಾನೆ? ನಾನು ಓದ್ತೀನಿ," ಅಂದ.

"ನೀವಾ? ವಾಂತಿ ಮಾಡ್ಕೋತೀರಿ."

"ಪಾಠ ಓದಿ ಹೇಳೋದು ನನ್ನ ಕೆಲಸ ಮಾರಾಯ್ತಿ. ವಾಂತಿ ಬಂದ್ರೆ ಮುಗಿದ ಮೇಲೆ ಮಾಡ್ಕೋತೀನಿ."

ರಸ್ತೆ ನೋಡಿ ಬರೆದುಕೊಳ್ಳಲು ಹೋದ ದಿನವೇ ಜಗಳವಾಯಿತು. ಅವನು ತರಗತಿಯಲ್ಲಿ ಹೇಳುವ ಹಾಗೆ, "ಈಗ ನಮ್ಮ ಎಡಭಾಗದಲ್ಲಿ ಮೂರನೇ ದರ್ಜೆಯ ಒಂದು ತಿರುವು ಬರುತ್ತದೆ," ಅನ್ನುವಷ್ಟರಲ್ಲಿ ತಿರುವು ಹಿಂದೆ ಬಿದ್ದಿರುತ್ತಿತ್ತು. "ವ್ಯಾಕರಣ ಬಿಡ್ರೀ, ಬರೀ ಎಡ ಮೂರು ಅನ್ನಿ!" ಅಂತ ಅವಳು ರೇಗಿದಳು. ಅವನು ಮುಖ ಸಣ್ಣದು ಮಾಡಿಕೊಂಡ. ಆದರೆ ಮಾರನೆಯ ದಿನ ಕ್ಲಿನಿಕ್ ಮುಗಿಸಿ ಬಂದರೆ, ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ, "ಎಡ ಮೂರು, ಬಲ ಎರಡು, ದಿಬ್ಬ," ಅಂತ ಒಬ್ಬನೇ ಹೇಳಿಕೊಳ್ಳುತ್ತಿದ್ದ.

ರ‍್ಯಾಲಿಯ ಬೆಳಿಗ್ಗೆ ಗುಡ್ಡದ ಮೇಲೆ ಮಂಜು ಕೂತಿತ್ತು. ಕ್ಲಬ್ಬಿನವರು ಕಾದು, ಸ್ವಲ್ಪ ತಿಳಿಯಾದ ಮೇಲೆ ಕಾರುಗಳನ್ನು ಒಂದೊಂದಾಗಿ ಬಿಟ್ಟರು. ಹೆಲ್ಮೆಟ್ಟಿನೊಳಗಿನ ಸ್ಪೀಕರಿನಲ್ಲಿ ಚನ್ನಕೇಶವನ ಉಸಿರು ತುಂಗಾಗೆ ಕೇಳುತ್ತಿತ್ತು. ಬಾವುಟ ಬಿದ್ದದ್ದೇ ಕಾರು ಜಲ್ಲಿ ಎರಚುತ್ತ ನೆಗೆಯಿತು. "ಅಯ್ಯಪ್ಪಾ," ಅಂದವನು ಮರುಕ್ಷಣವೇ "ಬಲ ನಾಲ್ಕು" ಅಂದ. ಹೇಳಿದಲ್ಲೇ ತಿರುವು ಬಂತು. ಆಮೇಲಿನದೂ ಹಾಗೇ. ಕಾಫಿ ಗಿಡಗಳು ಎರಡೂ ಕಡೆ ಹಸಿರು ಗೋಡೆಯಂತೆ ಓಡತೊಡಗಿದವು. ಅವಳ ಭುಜ ಸಡಿಲವಾಯಿತು.

ಗುಡ್ಡದ ನೆತ್ತಿಯಲ್ಲಿ ತೋಟ ಮುಗಿದು ಹುಲ್ಲು ಶುರುವಾಗುವ ಜಾಗದಲ್ಲಿ ಮಂಜು ಮತ್ತೆ ಇಳಿಯಿತು. ಬಾನೆಟ್ಟಿನ ಮುಂದೆ ಏನೂ ಕಾಣದು. ಅವಳು ಅವನ ಮಾತಿನ ಮೇಲೆ ಭಾರ ಹಾಕಿ ಆಕ್ಸಿಲರೇಟರ್ ಒತ್ತಿದಳು. ಮಾತು ಬರಲಿಲ್ಲ.

"ರೀ!"

"ತುಂಗಾ, ಎರಡು ಹಾಳೆ ಒಟ್ಟಿಗೆ ಮಗುಚಿ ಹೋಯ್ತು. ಎಲ್ಲಿದೀವಿ ಗೊತ್ತಿಲ್ಲ. ನಿಲ್ಲಿಸು."

ದನಿ ನಡುಗಲಿಲ್ಲ, ಏರಲೂ ಇಲ್ಲ. ಅಂದಾಜಿನ ಮೇಲೆ ಏನಾದರೂ ಹೇಳಿದ್ದರೆ ಅವಳು ಹೋಗಿಬಿಡುತ್ತಿದ್ದಳು. ಬ್ರೇಕು ಒತ್ತಿದಳು. ಕಾರು ಜಾರಿ, ಹೊರಳಿ, ನಿಂತಿತು. ಮಂಜು ಸರಿದಾಗ ಬಲಗಡೆಗೆ ರಸ್ತೆ ಒಮ್ಮೆಲೇ ಮಡಚಿಕೊಂಡಿತ್ತು. ನೇರಕ್ಕೆ ಬರೀ ಇಳಿಜಾರು, ಅದರ ಕೆಳಗೆಲ್ಲೋ ಹರಿಯುವ ನೀರಿನ ಸದ್ದು. ಇಬ್ಬರೂ ಅದನ್ನೇ ನೋಡಿದರು. ಕೋಪ ಮಾಡಿಕೊಳ್ಳಬೇಕು ಅಂತ ತುಂಗಾಗೆ ಅನಿಸಿತು, ಬರಲಿಲ್ಲ.

"ಬಲ ಒಂದು," ಅಂದ ಚನ್ನಕೇಶವ, ಹಾಳೆ ಸರಿಪಡಿಸಿಕೊಂಡು. "ಸಿಕ್ತು. ಹೋಗು."

ಅಷ್ಟರಲ್ಲಿ ಹಿಂದಿನ ಕಾರು ಹಾರ್ನ್ ಹೊಡೆದು ದಾಟಿ ಹೋಯಿತು. ಅದನ್ನು ಹಿಡಿಯಬೇಕೆಂದು ಅವಳು ಇಳಿಯುವ ರಸ್ತೆಯಲ್ಲಿ ಕಾರನ್ನು ಜೋರಾಗಿ ಬಿಟ್ಟಳು. ಅವನು ಒಂದೂ ತಪ್ಪದೆ ಓದಿದ. ಕೊನೆಯಲ್ಲಿ ಅವಳ ವೇಗ ಜಾಸ್ತಿಯಾಯಿತು ಅನಿಸಿದಾಗ ಮಾತ್ರ, "ಬಲ ಎರಡು. ಎರಡೇ ತುಂಗಾ, ಐದಲ್ಲ," ಅಂದ. ಕ್ಲಾಸಿನಲ್ಲಿ ಕಿಟಕಿ ನೋಡುತ್ತ ಕೂತ ಹುಡುಗಿಗೆ ಹೇಳಿದ ಹಾಗಿತ್ತು. ಅವಳಿಗೆ ನಗು ಬಂದು, ನಗುತ್ತಲೇ ತಿರುಗಿಸಿದಳು.

ಎಲ್ಲ ಮುಗಿದಾಗ ಅವರು ಒಂಬತ್ತನೆಯವರು. ಎಷ್ಟೋ ವರ್ಷಗಳಲ್ಲಿ ತುಂಗಾ ಇಷ್ಟು ಹಿಂದೆ ಬಿದ್ದಿರಲಿಲ್ಲ. ಚನ್ನಕೇಶವ ಹೆಲ್ಮೆಟ್ ತೆಗೆದು, ಸಿಲ್ವರ್ ಓಕ್ ಮರದ ಹಿಂದೆ ಹೋಗಿ, ಕೊಟ್ಟ ಮಾತಿನಂತೆ ಮುಗಿದ ಮೇಲೆ ವಾಂತಿ ಮಾಡಿಕೊಂಡು ಬಂದ. ಬಾಯಿ ತೊಳೆಯಲು ಅವಳು ನೀರು ಹುಯ್ದಳು.

"ನನ್ನಿಂದ ಹೋಯ್ತಲ್ಲ," ಅಂದ.

"ಹೋಗ್ಲಿ ಬಿಡಿ. ನೀವು ಬಂದಿರಲ್ಲ. ಇಷ್ಟು ವರ್ಷ ಒಂದಿನಾನೂ ನೋಡೋಕೆ ಬರ್ಲಿಲ್ಲ, ಇದು ನಿಮಗೆ ಬೇಡದ ವಿಷಯ ಅಂದ್ಕೊಂಡಿದ್ದೆ."

ಅವನು ಮುಖ ಒರೆಸಿಕೊಂಡ. ಆಮೇಲೆ ಹೇಳಿದ: "ಮನೇಲಿ ಕೂತ್ರೆ ನಿನ್ನ ಕಾರು ಪ್ರತಿ ತಿರುವಲ್ಲೂ ಮಗುಚಿ ಬೀಳ್ತಿತ್ತು. ಬಂದು ನೋಡೋಕೆ ಧೈರ್ಯ ಸಾಲ್ತಿರ್ಲಿಲ್ಲ. ಇವತ್ತು ಪಕ್ಕದಲ್ಲಿ ಕೂತಿದ್ನಲ್ಲ, ಒಂದ್ಸಲಾನೂ ಬೀಳ್ಲಿಲ್ಲ."

ತುಂಗಾ ಅವನ ಅಂಗಿಯ ಕಾಲರಿಗೆ ಹತ್ತಿದ ಕೆಮ್ಮಣ್ಣನ್ನು ಕೈಯಲ್ಲೇ ಕೊಡವಿದಳು.

"ಮುಂದಿನ ಸಲಾನೂ ಓದ್ತೀರಾ?"

"ಇಲ್ಲಪ್ಪ. ಗಾನವಿ ಬೇಗ ಹುಷಾರಾಗ್ಲಿ," ಅಂದ. ಆಮೇಲೆ ಎಸ್ಟೇಟಿನವರು ಕಾಫಿ ಒಣಗಿಸುವ ಕಣದ ಕಡೆ ನೋಡಿದ. ಕಾಫಿ ಹಣ್ಣು ಇನ್ನೂ ಬಂದಿರಲಿಲ್ಲ; ಅಗಲವಾದ ಸಿಮೆಂಟ್ ಕಣ ಬಿಸಿಲಲ್ಲಿ ಖಾಲಿ ಬಿದ್ದಿತ್ತು. "ಆ ಹ್ಯಾಂಡ್‌ಬ್ರೇಕ್ ಎಳೆದು ಗರ‍್ರನೆ ತಿರುಗಿಸ್ತೀಯಲ್ಲ, ಅದು ಹ್ಯಾಗೆ?"

ಎಸ್ಟೇಟಿನ ಲೆಕ್ಕಪತ್ರ ನೋಡಿಕೊಳ್ಳುವ ರೈಟರ್ ಬೊಮ್ಮಯ್ಯನವರನ್ನು ಕೇಳಿದಾಗ, "ಕಣಕ್ಕೆ ಗೀರು ಬೀಳ್ಬಾರ್ದು ಡಾಕ್ಟ್ರೇ, ಆಚೆ ಮಣ್ಣಿನ ಜಾಗದಲ್ಲಿ ಏನ್ ಬೇಕಾದ್ರೂ ಮಾಡ್ಕೊಳಿ," ಅಂದರು. ತುಂಗಾ ಕೀಲಿ ಗಂಡನ ಕೈಗೆ ಕೊಟ್ಟು, ಪಕ್ಕದ ಸೀಟಿಗೆ ಹೋಗಿ ಕೂತು ಬೆಲ್ಟು ಬಿಗಿದುಕೊಂಡಳು. ಮೊದಲ ಸಲ ಕಾರು ಆಫ್ ಆಯಿತು. ಎರಡನೆಯ ಸಲವೂ.

"ಕ್ಲಚ್ ರೀ, ಕ್ಲಚ್," ಅಂದಳು ಅವಳು, ಆದಷ್ಟು ಮೆಲ್ಲಗೆ.