ಟಗರಿನ ತೊಡೆಯೊಳಗಿನ ಎಣ್ಣೆ

ಹರಿಯಬ್ಬೆ ಊರಿನ ಕುರಿರೊಪ್ಪದಲ್ಲಿ ಶೇಂಗಾ ಎಣ್ಣೆಯ ವಾಸನೆ ಬಂದರೆ ಜಯಶೀಲಾಳಿಗೆ ಈಗಲೂ ತಾತ ಗುಡ್ಡಪ್ಪನೇ ನೆನಪಾಗುತ್ತಿದ್ದ. ಸಂಜೆಯಾದರೆ ತಾತ ಟಗರಿನ ಕೊಂಬಿಗೆ ಎಣ್ಣೆ ಸವರುತ್ತಿದ್ದ. ನೆನೆಸಿದ ಹುರುಳಿಯನ್ನು ಮೊಮ್ಮಗಳ ಅಂಗೈಯಿಂದಲೇ ತಿನ್ನಿಸುತ್ತಿದ್ದ. ಆ ಒರಟು ನಾಲಿಗೆ ತಾಗಿದರೆ ಸಾಕು, ಯಾರೆದುರೂ ಬಾಯಿ ಬಿಡದ ಹುಡುಗಿ ಕಿಲಕಿಲ ನಗುತ್ತಿದ್ದಳು. ತಾತ ಹೋದ ಮೇಲೆ ಅವನು ಸಾಕಿದ ತಳಿಯಲ್ಲಿ ಉಳಿದದ್ದು ಕಪ್ಪು ಕಿವಿಯ ಒಂದೇ ಟಗರು.

ಒಂದು ದಿನ ಅವಳು ರೊಪ್ಪಕ್ಕೆ ಬಂದಾಗ ತಮ್ಮ ಬೀರೇಶ ಸಿರಿಂಜಿಗೆ ಹಳದಿ ಔಷಧ ಎಳೆಯುತ್ತಿದ್ದ. ಸೀಸೆ ತಿರುಗಿಸಿ ಓದಿದಳು: ನ್ಯಾಂಡ್ರೊಲೋನ್ ಡೆಕನೋಯೇಟ್. ಚಿತ್ರದುರ್ಗದಲ್ಲಿ ಬಿ.ಫಾರ್ಮಾ ಓದುವಾಗ ಅದರ ರಾಸಾಯನಿಕ ರಚನೆಯನ್ನು ಎಷ್ಟೋ ಸಲ ಬರೆದಿದ್ದಳು.

"ಹಿರಿಯೂರಿನ ಟಗರು ಕಾಳಗಕ್ಕೆ ಮೈ ತುಂಬ್ಲಿ ಅಂತ ಕಣಕ್ಕ. ಇದೂ ಶೇಂಗಾ ಎಣ್ಣೇನೆ ಅಂತೆ. ತಾತ ಹೊರಗೆ ಹಚ್ತಿದ್ದ, ನಾನು ಒಳಗೆ ಹಾಕ್ತೀನಿ. ತೊಡೆಗೆ ಆಗ್ಲೇ ಎರಡು ಸಲ ಹಾಕೀನಿ."

"ಎಣ್ಣೆ ಬರೀ ಮನೆ ಕಣೋ. ಒಳಗೆ ಕುಂತಿರೋದು ಗಂಡು ಹಾರ್ಮೋನಿನ ದಾಯಾದಿ. ಅದಕ್ಕೆ ಉದ್ದನೆ ಕೊಬ್ಬಿನ ಬಾಲ ಅಂಟಿಸವ್ರೆ. ಬಾಲ ಇರೋತನಕ ಎಣ್ಣೆ ಬಿಟ್ಟು ಹೊರಡಾಕೆ ಮನಸ್ಸಿಲ್ಲ ಅದಕ್ಕೆ. ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಇಳೀತೈತೆ. ಅಲ್ಲಿ ಬಾಲ ಕತ್ತರಿಸಿಕೊಂಡು ಕೆಲ್ಸ ಶುರು ಮಾಡ್ತೈತೆ, ವಾರಗಟ್ಲೆ."

"ಒಳ್ಳೇದೇ ಆಯ್ತಲ್ಲ."

"ಹೊರಗಿಂದ ಬರ್ತೈತಲ್ಲ ಅಂತ ಮೈ ತನ್ನದನ್ನ ನಿಲ್ಲಿಸಿಬಿಡ್ತೈತೆ ಲೇ. ಬೀಜ ಸೊರಗ್ತಾವೆ. ಮುಂಗಾರಿಗೆ ಕುರಿಗೆ ಬಿಡೋದು ಇದನ್ನೇ ಅಲ್ವ? ಮರಿ ಎಲ್ಲಿಂದ ಬರ್ತಾವೆ?"

ಬೀರೇಶನ ಕೈ ನಿಂತಿತು. "ಹಾಕಿದ್ದನ್ನ ತೆಗೆಯಾಕೆ ಬರಲ್ವೇನೆ?"

"ಬರಲ್ಲ. ತಾನಾಗೇ ಇಳೀಬೇಕು."

ಅವನು ಸಿರಿಂಜನ್ನು ಅವಳ ಕೈಗಿಟ್ಟ. ಕಾಳಗಕ್ಕೂ ಹೋಗಲಿಲ್ಲ. ಬೇರೆ ಗಂಡಿಲ್ಲದೆ ಮುಂಗಾರಿಗೆ ಅದನ್ನೇ ಬಿಟ್ಟರು. ದೀಪಾವಳಿಯ ಹೊತ್ತಿಗೆ ಮರಿಗಳ ಕೂಗು ತುಂಬಿರಬೇಕಾದ ರೊಪ್ಪ ಸುಮ್ಮನಿತ್ತು. ಬೀರೇಶ ಅಕ್ಕನ ಮುಖ ನೋಡದೆ ಓಡಾಡಿದ. ಅವಳು ಮಾತ್ರ ಸಂಜೆಯಾದರೆ ಟಗರಿಗೆ ಹುರುಳಿ ತಿನ್ನಿಸಿ, ಕೊಂಬಿಗೆ ಎಣ್ಣೆ ಸವರುತ್ತಿದ್ದಳು. ಅದರಿಂದ ಏನೂ ಗುಣವಾಗದೆಂದು ಓದಿದವಳಿಗೆ ಗೊತ್ತಿತ್ತು. ಕೈ ಕೇಳುತ್ತಿರಲಿಲ್ಲ.

ಔಷಧ ಇಳಿದಿರಬಹುದೆಂದು ಹಿಂಗಾರಿಗೆ ಟಗರನ್ನು ಮತ್ತೆ ಬಿಟ್ಟರು. ಯುಗಾದಿ ಕಳೆದ ಮೇಲೊಂದು ಬೆಳಿಗ್ಗೆ ಬೀರೇಶ ರೊಪ್ಪದಿಂದ ಕರೆದ.

"ಅಕ್ಕ, ಬಾರೆ ಇಲ್ಲಿ. ಕರಿಕಿವೀದು ಹುಟ್ಟೈತೆ. ಗಂಡು."

ಜಯಶೀಲಾ ಕುಕ್ಕರಗಾಲಲ್ಲಿ ಕೂತು ಅಂಗೈ ಚಾಚಿದಳು. ಮರಿ ಬೆರಳು ಚೀಪಿತು. ನಾಲಿಗೆಗೆ ಇನ್ನೂ ಒರಟು ಬಂದಿರಲಿಲ್ಲ.