ಲಾಠಿ ಯಾರದು, ಭಾಗ ಎರಡು

ಮೊದಲ ಭಾಗದಲ್ಲಿ ಇಬ್ಬರು ಪೊಲೀಸರಿಗೂ ಸೇರಿ ಇದ್ದದ್ದು ಒಂದೇ ಲಾಠಿ. ಇನ್ಸ್‌ಪೆಕ್ಟರ್ ನರಸಿಂಹಯ್ಯ ಮೈಸೂರಿನವನು, ಪೇದೆ ಚೆನ್ನಬಸಪ್ಪ ಧಾರವಾಡದವನು. ಕಣ್ಣೆದುರೇ ಕಳ್ಳ ಓಡುತ್ತಿದ್ದರೂ ಲಾಠಿ ಯಾರ ಕೈಯಲ್ಲಿರಬೇಕು ಅನ್ನುವ ಇವರ ಜಗಳ ಮುಗಿಯುವುದಿಲ್ಲ. ಕೊನೆಗೆ ಕಳ್ಳನೇ ಬೇಸತ್ತು ವಾಪಸ್ ಬಂದು, ಲಾಠಿಯನ್ನು ಮೊಣಕಾಲಿಗೆ ಕೊಟ್ಟು ಮುರಿದು, ಇಬ್ಬರಿಗೂ ಒಂದೊಂದು ತುಂಡು ಕೊಟ್ಟು ಹೋಗುತ್ತಾನೆ. ಅಷ್ಟೇ ನಾಟಕ, ಇಪ್ಪತ್ತೈದು ನಿಮಿಷ.

ಕಥೆಯೇನೂ ನನ್ನದಲ್ಲ, ನಮ್ಮಜ್ಜಿಯದು. ಅವಳ ಕಥೆಯಲ್ಲಿ ಪೊಲೀಸರ ಬದಲು ಇಬ್ಬರು ತಳವಾರರಿದ್ದರು, ಲಾಠಿಯ ಬದಲು ಒಂದು ಪಂಜಿತ್ತು, ಕೊನೆಗೆ ಇಬ್ಬರೂ ರಾಜಿಯಾಗುತ್ತಿದ್ದರು. ಮಾರನೇ ದಿನ ನಾನು ಆಮೇಲೇನಾಯ್ತು ಅಂತ ಪೀಡಿಸಿದರೆ ಅಜ್ಜಿ ಬತ್ತಿ ಹೊಸೆಯುತ್ತಾ ಹೇಳುತ್ತಿದ್ದಳು: "ಇಬ್ಬರೂ ಒಂದೇ ಎಲೆಯಲ್ಲಿ ಊಟ ಮಾಡಿದ್ರಲ್ಲ ಕಣೇ, ಇನ್ನೆಲ್ಲಿಂದ ಕಥೆ ತರ್ಲಿ? ಮತ್ತೆ ಜಗಳ ಹಚ್ಚು ಅಂತೀಯಾ?"

ಹಚ್ಚು ಅಂತಿದ್ದೆ. ಆಗ ನನಗೆ ಆರು ವರ್ಷ.

ಈಗ ಇಪ್ಪತ್ತೇಳು. ಡ್ಯಾಲಸ್ ಪಕ್ಕದ ಪ್ಲೇನೋದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಡ್ಯಾಲಸ್‌ನ ನಮ್ಮ ಕನ್ನಡ ಕೂಟಕ್ಕೆ ನಾಟಕ ಬರೆಯುವವಳೆಂದು ಹೆಸರು ಬಂದದ್ದು ಹೋದ ವರ್ಷದ ರಾಜ್ಯೋತ್ಸವದಿಂದ, ಅದೂ ಅಕಸ್ಮಾತ್ತಾಗಿ. ಪಾತ್ರ ಮಾಡಬೇಕಿದ್ದ ಇಬ್ಬರು ಗಂಡಸರು ವೀಸಾ ಸ್ಟಾಂಪಿಂಗ್‌ಗೆ ಅಂತ ಬೆಂಗಳೂರಿಗೆ ಹೋಗಿ ಅಲ್ಲೇ ಸಿಕ್ಕಿಹಾಕಿಕೊಂಡರು. ಉಳಿದದ್ದು ಒಂದು ವಾರ. ಅಧ್ಯಕ್ಷರಾದ ಶ್ಯಾಮಸುಂದರ ಅಂಕಲ್ ಕೈಗೆ ಸಿಕ್ಕ ಇಬ್ಬರು ಆಂಟಿಯರಿಗೆ ಮೀಸೆ ಅಂಟಿಸಿದರು.

ಇನ್ಸ್‌ಪೆಕ್ಟರ್ ಆದವರು ಭಾನುಮತಿ ಆಂಟಿ. ಅಲೆನ್‌ನಲ್ಲಿ ಮಕ್ಕಳ ಡಾಕ್ಟರ್. ಯಾರನ್ನು ಕಂಡರೂ ನಾಲಿಗೆ ತೋರಿಸು ಅನ್ನುವ ದನಿ. ಪೇದೆ ಆದವರು ಶಿವಬಸವ್ವ ಆಂಟಿ. ಇರ್ವಿಂಗ್‌ನ ಒಂದು ಔಷಧಿ ಅಂಗಡಿಯಲ್ಲಿ ಕೆಲಸ, ಧಾರವಾಡದ ಮಾತು. ಇಬ್ಬರೂ ಅದಕ್ಕೆ ಮೊದಲು ಒಬ್ಬರನ್ನೊಬ್ಬರು ನೋಡಿರಲಿಲ್ಲ, ನೋಡಿದ ಮೇಲೆ ಇಷ್ಟಪಡಲೂ ಇಲ್ಲ. ಸ್ಟೇಜ್ ಮೇಲೆ ಭಾನುಮತಿ ಆಂಟಿ ತಮ್ಮ ಮಾತು ಮುಗಿಸಿ ಶಿವಬಸವ್ವ ಆಂಟಿಯ ಮಾತನ್ನೂ ಹೇಳತೊಡಗಿದಾಗ ಇವರು ಸೆಲ್ಯೂಟ್ ಹೊಡೆದು, "ಸಾಹೇಬ್ರ, ನಿಮ್ದು ಮುಗೀತ್ರಿ. ಈಗಿಂದು ನಂದೈತ್ರಿ" ಅಂದರು. ಅದು ಬರೆದದ್ದಲ್ಲ. ನಗು ನಿಲ್ಲಲು ಎಷ್ಟು ಹೊತ್ತಾಯಿತೆಂದರೆ ಕಳ್ಳನ ಪಾತ್ರದವರು ಕೂತುಬಿಟ್ಟರು.

ಹಾಗಾಗಿ ಈ ವರ್ಷ ಭಾಗ ಎರಡು. ಹ್ಯೂಸ್ಟನ್, ಆಸ್ಟಿನ್, ಕೊನೆಗೆ ನಮ್ಮ ಡ್ಯಾಲಸ್. ಮೂರೂರಿನ ಕೂಟಗಳು ಸೇರಿ ಮೂರು ಶನಿವಾರ.

ನಾನು ಮಾಡಿದ ಮೊದಲ ತಪ್ಪು, ಇಬ್ಬರಿಗೂ ಒಂದೊಂದು ಲಾಠಿ ಕೊಟ್ಟದ್ದು. ಭಾಗ ಎರಡೆಂದರೆ ಎಲ್ಲವೂ ದೊಡ್ಡದಾಗಬೇಕೆಂದು ಕಮಿಟಿ ಹೇಳಿತ್ತು. ಎರಡು ಲಾಠಿ, ಮೂವರು ಕಳ್ಳರು, ರಟ್ಟಿನ ಜೀಪು, ನಡುವೆ ಒಂದು ಡ್ಯಾನ್ಸ್. ನರಸಿಂಹಯ್ಯನೂ ಚೆನ್ನಬಸಪ್ಪನೂ ಈಗ ಸ್ನೇಹಿತರು, ಒಬ್ಬರನ್ನೊಬ್ಬರು ಹೊಗಳುತ್ತಾ ಕಳ್ಳರನ್ನು ಹಿಡಿಯುತ್ತಾರೆ. ಸ್ಟೇಜಿನ ಹೊರಗೂ ಹಾಗೇ ಆಗಿತ್ತು. ಒಂದು ವರ್ಷದಲ್ಲಿ ಆಂಟಿಯರಿಬ್ಬರೂ ಎಷ್ಟು ಹತ್ತಿರವಾಗಿದ್ದರೆಂದರೆ ಭಾನುಮತಿ ಆಂಟಿ ಮಾತು ಮರೆತರೆ ಶಿವಬಸವ್ವ ಆಂಟಿ ಮೆಲ್ಲಗೆ ನೆನಪಿಸುತ್ತಿದ್ದರು. ಹ್ಯೂಸ್ಟನ್ ಜನ ಸಭ್ಯರು, ಚಪ್ಪಾಳೆ ತಟ್ಟಿದರು. ನಾನು ಸೈಡ್ ವಿಂಗ್‌ನಿಂದ ನೋಡಿದೆ: ಕತ್ತಲಲ್ಲಿ ಅಲ್ಲೊಂದು ಇಲ್ಲೊಂದು ಫೋನ್ ಬೆಳಕು. ಮೊದಲು ಮಿಂಚುಹುಳದ ಹಾಗೆ, ಆಮೇಲೆ ದೀಪಾವಳಿಯ ಹಾಗೆ.

ಮರುದಿನ ಡ್ಯಾಲಸ್‌ಗೆ ವಾಪಸ್ ಡ್ರೈವ್ ಮಾಡಿದವಳು ನಾನು. ಭಾನುಮತಿ ಆಂಟಿ ಡ್ಯೂಟಿಗೆಂದು ಬೆಳಗಿನ ಫ್ಲೈಟ್ ಹಿಡಿದಿದ್ದರು. ಪಕ್ಕದಲ್ಲಿ ಶಿವಬಸವ್ವ ಆಂಟಿ, ಮಡಿಲಲ್ಲಿ ಚುರುಮುರಿ ಡಬ್ಬಿ. ಹಂಟ್ಸ್‌ವಿಲ್ ಊರಿನ ಹೆದ್ದಾರಿ ಬದಿಯ ದೊಡ್ಡ ಬಿಳಿ ಪ್ರತಿಮೆ ಹಿಂದೆ ಹೋಗುವವರೆಗೂ ನಾನು ಆ ಫೋನ್ ಬೆಳಕುಗಳನ್ನೇ ಲೆಕ್ಕ ಹಾಕುತ್ತಿದ್ದೆ.

"ಮಾರಿ ಸಣ್ಣ ಮಾಡ್ಕೊಬ್ಯಾಡ ಯವ್ವಾ," ಅಂದರು. "ನೀ ಬರದದ್ದು ಚೊಲೋನ ಐತಿ. ಪೊಲೀಸರು ಅಷ್ಟು ಒಳ್ಳೇರಿರೂದಿಲ್ಲ, ಅಷ್ಟ."

"ನಿಮಗೆ ಹೇಗೆ ಗೊತ್ತು ಆಂಟಿ?"

"ನಮ್ಮಪ್ಪ ಪೊಲೀಸ್ ಪ್ಯಾದಿ ಇದ್ದ. ಹೇಳಿಲ್ಲೇನು ನಿನಗ?"

ಹೇಳಿರಲಿಲ್ಲ. ಆಮೇಲೆ ಗೊತ್ತಾಯಿತು, ಕೂಟದಲ್ಲಿ ಯಾರಿಗೂ ಹೇಳಿರಲಿಲ್ಲ.

"ಸಾಹೇಬ್ರ ಹೆಂಡ್ತಿ ಮಾರ್ಕೆಟ್ಟಿಗೆ ಹೊಂಟ್ರ ಚೀಲ ಹಿಡಿಯವ ನಮ್ಮಪ್ಪ. ಟೊಪಗಿ, ಬೆಲ್ಟು, ಬೂಟು, ಎಲ್ಲಾ ಐತಿ. ಕೈಯಾಗ ಬದನಿಕಾಯಿ ಚೀಲ. ಒಮ್ಮೆ ನಾ ಗೆಳತ್ಯಾರ ಜೋಡಿ ಸಾಲಿ ಬಿಟ್ಟು ಬರಾಕತ್ತಿದ್ದೆ. ಎದುರಿಗೆ ಬಂದ. ಒಬ್ಬಾಕಿ ಕೇಳಿದ್ಲು, ಆ ಚೀಲ ಹೊತ್ತಾವ ನಿಮ್ಮಪ್ಪ ಹೌದಿಲ್ಲೋ ಅಂತ. ಅಲ್ಲ ಅಂದೆ."

"ಅವರಿಗೆ ಕೇಳಿಸ್ತಾ?"

"ಕೇಳಿಸ್ತು. ಚೀಲ ಈ ಕೈಯಿಂದ ಆ ಕೈಗೆ ತಗೊಂಡ. ಮಾರಿ ಆಕಡೆ ತಿರುವಿ ಹ್ವಾದ. ನನ್ನ ಮಾತು ಖರೇ ಆಗ್ಲಿ ಅಂತ ತಾನೂ ನನ್ನ ಗುರುತು ಹಿಡೀಲಿಲ್ಲ."

"ಮನೆಗೆ ಬಂದ ಮೇಲೆ?"

"ಎಣ್ಣಿಗಾಯಿ ಚೊಲೋ ಆಗೇತಿ ಅಂದ. ಉಂಡ." ಡಬ್ಬಿಯನ್ನು ನನ್ನತ್ತ ಚಾಚಿದರು. ನಗುತ್ತಲೇ ಹೇಳಿದ್ದರು. "ತಿನ್ನು, ಮೆತ್ತಗಾಗ್ತಾವು."

ಅಜ್ಜಿ ಸತ್ತ ಮೇಲೆ ನನಗೆ ಹಾಗೆ ಯಾರೂ ಕಥೆ ಹೇಳಿರಲಿಲ್ಲ. ಉಳಿದ ದಾರಿಯಲ್ಲಿ ಆ ಚೀಲ ರಸ್ತೆಯ ಮೇಲೆಲ್ಲ ನನ್ನ ಮುಂದೆ ಮುಂದೆ ನಡೆಯುತ್ತಿತ್ತು. ಅದು ಕಣ್ಣೀರಿನಿಂದ ಎಂದು ಹೇಳಿದರೆ ಸುಳ್ಳಾಗುತ್ತದೆ. ಸೀನ್ ಸಿಕ್ಕಿತ್ತು.

ಸೋಮವಾರ ಶ್ಯಾಮಸುಂದರ ಅಂಕಲ್ ಫೋನ್ ಮಾಡಿದರು. "ಮಹತಿ, ಜನ ಹೋದ ಸಲದ ನಗು ನೆನೆಸ್ಕೊಂಡು ಬರ್ತಾರೆ ಕಣಮ್ಮ. ಇವರಿಬ್ಬರೂ ಹಿಂಗೆ ಅಣ್ಣತಮ್ಮ ಆಗ್ಬಿಟ್ರೆ ನಾವೇನು ನೋಡೋದು? ಏನಾದ್ರೂ ಮಾಡು."

ಬುಧವಾರಕ್ಕೆ ಬರೆದು ಮುಗಿಸಿದೆ. ಲಾಠಿ ಮತ್ತೆ ಒಂದೇ, ಅದೂ ಇನ್ಸ್‌ಪೆಕ್ಟರ್ ಕೈಯಲ್ಲಿ. ಪೇದೆಗೆ ತರಕಾರಿ ಚೀಲ. ಕಳ್ಳ ಎದುರಿಗೆ ಬಂದರೂ ಹಿಡಿಯಲು ಕೈ ಖಾಲಿಯಿಲ್ಲ. ಆ ಸೀನಿನ ಕೊನೆಗೆ ಪೇದೆಯ ಮಗಳು ಸ್ಕೂಲ್ ಬ್ಯಾಗ್ ಹಾಕಿಕೊಂಡು ಬರುತ್ತಾಳೆ, ಕಳ್ಳ ಕೇಳುತ್ತಾನೆ: ಇವರು ನಿಮ್ಮಪ್ಪ ಅಲ್ವಾ? ಮಗಳು ಅಲ್ಲ ಅನ್ನುತ್ತಾಳೆ. ಪೇದೆ ಗಾಬರಿಯಿಂದ ಬದನೆಕಾಯಿಯನ್ನೆಲ್ಲ ಚೆಲ್ಲಿ ಜಾರಿ ಬೀಳುತ್ತಾನೆ.

ನಮ್ಮಲ್ಲಿ ರಿಹರ್ಸಲ್‌ಗೆ ಯಾರಿಗೂ ವಾರದ ನಡುವೆ ಬಿಡುವಿಲ್ಲ. ನಾನು ಎಲ್ಲರ ಮಾತನ್ನೂ ಓದಿ ವಾಟ್ಸ್ಯಾಪ್‌ನಲ್ಲಿ ವಾಯ್ಸ್ ನೋಟ್ ಕಳಿಸುತ್ತೇನೆ. ಅವರು ಆಫೀಸಿಗೆ ಡ್ರೈವ್ ಮಾಡುತ್ತಾ ಕೇಳಿ ಬಾಯಿಪಾಠ ಮಾಡುತ್ತಾರೆ. ಶಿವಬಸವ್ವ ಆಂಟಿಗೆ ಗುರುವಾರ ಕಳಿಸಿದೆ. ಅವರ ಅಪ್ಪನ ಮಾತನ್ನು ನನ್ನ ದನಿಯಲ್ಲಿ, ನಾನು ಅನುಕರಿಸಿದ ಅವರ ಧಾರವಾಡ ಭಾಷೆಯಲ್ಲಿ, ಅವರು ಫ್ರೀವೇ ಮೇಲೆ ಒಬ್ಬರೇ ಕೇಳಿರಬೇಕು. ಎರಡು ನೀಲಿ ಗುರುತು ಬಿತ್ತು, ಉತ್ತರ ಬರಲಿಲ್ಲ.

ಆಸ್ಟಿನ್‌ನಲ್ಲಿ ಮಾಡಿದರು. ಒಂದು ಮಾತೂ ಬಿಡಲಿಲ್ಲ. ಮಗಳ ಪಾತ್ರಕ್ಕೆ ಒಂಬತ್ತು ವರ್ಷದ ಅನನ್ಯಾ, ಕನ್ನಡ ಅರ್ಥವಾಗುತ್ತದೆ, ಆಡುವುದೆಲ್ಲ ಇಂಗ್ಲಿಷ್. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಕಲಿತಿದ್ದಳು. ತನ್ನ ಆ ಅಮೆರಿಕನ್ ರಾಗದಲ್ಲಿ "ಇವ್ರು ನನ್ ಅಪ್ಪಾ ಅಲ್ಲಾ" ಅಂದಳು. ನಮ್ಮವರಿಗೆ ಇಲ್ಲಿ ಹುಟ್ಟಿದ ಮಗು ಕನ್ನಡ ಆಡಿದರೆ ಸಾಕು, ಏನು ಹೇಳಿತು ಅನ್ನುವುದು ಬೇಕಿಲ್ಲ. ಹಾಲ್ ಎದ್ದು ನಗುತ್ತಿತ್ತು. ಬದನೆಕಾಯಿ ಉರುಳಿತು, ಶಿವಬಸವ್ವ ಆಂಟಿ ಬಿದ್ದರು, ಇನ್ನೂ ನಗು. ನಾನು ವಿಂಗ್‌ನಲ್ಲಿ ನಿಂತು ಆ ನಗುವನ್ನು ಕುಡಿದೆ.

ಆಮೇಲೆ ಪಾರ್ಕಿಂಗ್ ಲಾಟ್‌ನಲ್ಲಿ ಶಿವಬಸವ್ವ ಆಂಟಿ ನನ್ನ ಬಳಿ ಬಂದರು. ಮೀಸೆ ತೆಗೆದಿದ್ದರು, ಅಂಟಿನ ಕೆಂಪು ಗೆರೆ ಮೇಲ್ದುಟಿಯಲ್ಲಿತ್ತು.

"ಡ್ಯಾಲಸ್‌ನಾಗ ಹುಡುಗಿ ಬ್ಯಾಡ," ಅಂದರು.

"ಆಂಟಿ, ನಾನು ಬದಲಾಯಿಸಿ ಬರೆದಿದ್ದೀನಲ್ಲ. ಅದು ನಿಮ್ಮ ತಂದೆ ಅಂತ ಯಾರಿಗೂ..."

"ನನಗ ಗೊತ್ತೈತಲ್ಲ. ಚೀಲ ಇರ್ಲಿ. ಚೀಲಕ್ಕ ನಗ್ಲಿ, ನಮ್ಮಪ್ಪನೂ ನಗತಿದ್ದ. ಆ ಹುಡುಗಿದು ತಗದುಬಿಡು. ಅಲ್ಲಿ ನಮ್ಮ ಮನಿಯವರು ಬರ್ತಾರ, ಅಂಗಡಿಯವರು ಬರ್ತಾರ. ಅವರೆಲ್ಲ ನಗೂದು ನಾ ನಿಂತು ಕೇಳಾಂಗಿಲ್ಲ." ಟೊಪ್ಪಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅಂದರು, "ನಿನಗ ಹೇಳಿದ್ದೆ ಮಹತಿ. ನಾಟಕಕ್ಕ ಹೇಳಿದ್ದಲ್ಲ."

"ತೆಗೀತೀನಿ ಆಂಟಿ," ಅಂದೆ.

ತೆಗೆಯುತ್ತೇನೆಂದೇ ಇದ್ದೆ. ಅಷ್ಟರಲ್ಲಿ ಆಸ್ಟಿನ್‌ನ ಆ ತುಣುಕನ್ನು ಯಾರೋ ಗ್ರೂಪಿಗೆ ಹಾಕಿದರು. ಅನನ್ಯಾಳ ಅಮ್ಮ ಅದನ್ನು ಧಾರವಾಡದಿಂದ ಡೆನ್ವರ್‌ವರೆಗೆ ಎಲ್ಲರಿಗೂ ಕಳಿಸಿದರು. ಶ್ಯಾಮಸುಂದರ ಅಂಕಲ್ ಕಾರ್ಯಕ್ರಮದ ಪೋಸ್ಟರ್ ಮೇಲೆ ಬದನೆಕಾಯಿ ಹಾಕಿಸಿದರು. "ನಿನ್ನ ಕೈಯಲ್ಲೊಂದು ಹಿಟ್ ಇದೆ ಕಣಮ್ಮ," ಅಂದರು. ನಾನು ಅನನ್ಯಾಳ ಮನೆಗೆ ಫೋನ್ ಮಾಡಬೇಕೆಂದು ದಿನಕ್ಕೆರಡು ಸಲ ಕೈಗೆ ತೆಗೆದುಕೊಂಡೆ, ಇಟ್ಟೆ. ಮಗುವಿಗೆ ಬೇಜಾರಾಗುತ್ತದೆ ಎಂದುಕೊಂಡೆ. ಸ್ಟೇಜ್ ಮೇಲೆ ನಗು ಬಂದರೆ ಆಂಟಿಯೂ ಕರಗುತ್ತಾರೆ ಎಂದುಕೊಂಡೆ. ಶುಕ್ರವಾರ ಅವರೇ ಮೆಸೇಜ್ ಮಾಡಿದರು: "ತಗದಿಯಿಲ್ಲೋ?" ನಾನು ಕೈ ಜೋಡಿಸಿದ ಚಿತ್ರವೊಂದನ್ನು ಕಳಿಸಿದೆ. ಅದಕ್ಕೆ ಹೌದು ಅಂತಲೂ ಅರ್ಥ, ಏನೂ ಇಲ್ಲ ಅಂತಲೂ ಅರ್ಥ.

ಪ್ಲೇನೋದ ಒಂದು ಶಾಲೆಯ ಹಾಲ್. ಮಧ್ಯಾಹ್ನ ಮೂರಕ್ಕೆ ಹಿಂದಿನ ಸಾಲೂ ಭರ್ತಿ. ಚೀಲದ ಜೋಕಿಗೆ ಜನ ಚೆನ್ನಾಗಿ ನಕ್ಕರು. ಶಿವಬಸವ್ವ ಆಂಟಿಯೂ ಹುರುಪಿನಲ್ಲಿದ್ದರು. "ಸಾಹೇಬ್ರ, ಕಳ್ಳನ್ನ ಹಿಡೀಲ್ಯೋ, ಕೊತಂಬ್ರಿ ಹಿಡೀಲ್ಯೋ?" ಎಂದು ತಾವಾಗಿಯೇ ಒಂದು ಸೇರಿಸಿದರು. ಆ ಸೀನ್ ಅಲ್ಲಿಗೆ ಮುಗಿಯಿತೆಂದು ಅವರು ಲೆಕ್ಕ ಹಾಕಿದ್ದರು. ಹೊರಡಲು ತಿರುಗಿದಾಗ ಎದುರಿನ ವಿಂಗ್‌ನಿಂದ ಸ್ಕೂಲ್ ಬ್ಯಾಗ್ ಹಾಕಿಕೊಂಡು ಅನನ್ಯಾ ಬಂದಳು.

ಅವರು ನನ್ನತ್ತ ನೋಡಿದರು. ಒಂದೇ ಸಲ. ನಾನು ಸ್ಕ್ರಿಪ್ಟ್ ನೋಡಿದೆ.

ಕಳ್ಳ ಕೇಳಿದ. ಅನನ್ಯಾ ಹೇಳಿದಳು. ಮೊದಲೇ ವಿಡಿಯೋ ನೋಡಿದ್ದ ಜನ ಅವಳ ಜೊತೆಗೇ ಹೇಳಿದರು, ಹಾಲ್‌ಗೆ ಹಾಲೇ: ಇವ್ರು ನನ್ ಅಪ್ಪಾ ಅಲ್ಲಾ.

ಶಿವಬಸವ್ವ ಆಂಟಿ ಬೀಳಲಿಲ್ಲ. ಬದನೆಕಾಯಿ ಚೆಲ್ಲಲಿಲ್ಲ. ಚೀಲವನ್ನು ಬಲಗೈಯಿಂದ ಎಡಗೈಗೆ ತೆಗೆದುಕೊಂಡರು. ಮುಖವನ್ನು ಮಗುವಿನಿಂದ ಆಚೆ ತಿರುಗಿಸಿದರು. ಸಾವಕಾಶವಾಗಿ, ಬೂಟಿನ ಸದ್ದು ಕೇಳುವ ಹಾಗೆ, ಸ್ಟೇಜಿನ ಈ ತುದಿಯವರೆಗೂ ನಡೆದು ಬಂದರು. ಅಂಥ ನಟನೆ ನಾನು ಮತ್ತೆ ನೋಡಿಲ್ಲ. ಜನ ಸಿಳ್ಳೆ ಹೊಡೆದರು. ಎರಡನೇ ಸಾಲಿನಲ್ಲಿ ಅವರ ಗಂಡ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು, ಆ ಚೀಲದ ಕಥೆ ಅವರಿಗೂ ಗೊತ್ತಿರಲಿಲ್ಲ.

ಆಂಟಿ ವಿಂಗ್‌ನಲ್ಲಿ ನನ್ನ ಪಕ್ಕ ಬಂದು ನಿಂತರು. ನಗು ಅಲೆ ಅಲೆಯಾಗಿ ಬರುತ್ತಿತ್ತು, ಅದು ಇಳಿಯುವವರೆಗೂ ನಾವಿಬ್ಬರೂ ಅಲ್ಲೇ ನಿಂತು ಕೇಳಬೇಕಾಯಿತು. ನನ್ನೊಳಗೆ ಆಗಲೂ ಒಬ್ಬಳು ಆಸ್ಟಿನ್‌ಗಿಂತ ಇದು ಜಾಸ್ತಿ ಎಂದು ಹೇಳುತ್ತಿದ್ದಳು. ಆಮೇಲೆ ಅವರು ಕೊನೆಯ ಸೀನಿಗೆ ಹೋಗಿ, ಕಳ್ಳನನ್ನು ಹಿಡಿದು, ಸೆಲ್ಯೂಟ್ ಹೊಡೆದು ಬಂದರು.

ಊಟದ ಹೊತ್ತಿಗೆ ಶ್ಯಾಮಸುಂದರ ಅಂಕಲ್ ಮೈಕ್ ಹಿಡಿದು ಭಾಗ ಮೂರು ಎಂದು ಘೋಷಿಸಿದರು. ಬಿಸಿಬೇಳೆಬಾತಿನ ಸಾಲಿನಲ್ಲಿ ನಾಲ್ಕು ಜನ ನನ್ನ ಬೆನ್ನು ತಟ್ಟಿದರು. ನಾನು ತಟ್ಟೆ ಇಟ್ಟು ಹೊರಗೆ ಓಡಿದೆ.

ಭಾನುಮತಿ ಆಂಟಿಯ ಕಾರು ಸ್ಟಾರ್ಟ್ ಆಗಿತ್ತು. ಮುಂದಿನ ಸೀಟಿನಲ್ಲಿ ಶಿವಬಸವ್ವ ಆಂಟಿ, ಇನ್ನೂ ಖಾಕಿಯಲ್ಲೇ, ಕನ್ನಡಿ ಇಳಿಸಿಕೊಂಡು ಮೇಲ್ದುಟಿಯ ಅಂಟನ್ನು ಉಗುರಿನಿಂದ ಬಿಡಿಸುತ್ತಿದ್ದರು. ಗಾಜು ಇಳಿಸಲಿಲ್ಲ.

ಭಾನುಮತಿ ಆಂಟಿ ಹೊರಗೇ ನಿಂತಿದ್ದರು. "ಅವಳ ಗಂಡ ಊಟ ಮುಗಿಸಿ ಬರಲಿ, ಅವಳನ್ನ ಇರ್ವಿಂಗ್‌ಗೆ ನಾನೇ ಬಿಡ್ತೀನಿ. ಭಾಗ ಮೂರಿಗೆ ನಮ್ಮಿಬ್ಬರ ಹೆಸರೂ ಬೇಡ. ಅಧ್ಯಕ್ಷರಿಗೂ ಹೇಳಿದ್ದೀನಿ."

"ಆಂಟಿ, ನಿಮಗೂ ಗೊತ್ತಿತ್ತಾ?"

"ಏನೂ ಗೊತ್ತಿರಲಿಲ್ಲ. ಎರಡು ಮಾರು ದೂರದಲ್ಲಿ ನಿಂತು ಅವಳ ಮುಖ ನೋಡಿದೆ, ಸಾಕಾಯ್ತು. ನಿನಗೆ ಕಾಣಲಿಲ್ವಾ ಪುಟ್ಟ?"

ಮಕ್ಕಳಿಗೆ ಇಂಜೆಕ್ಷನ್ ಕೊಡುವಾಗಲೂ ಅವರು ಹೀಗೇ ಪುಟ್ಟ ಅನ್ನುತ್ತಾರೆ.

"ನಗು ಬರುತ್ತೆ ಅಂತ..." ಅಂದೆ.

"ಬಂತಲ್ಲ," ಎಂದು ಅವರು ಕಾರಿನ ಬಾಗಿಲು ಹಾಕಿಕೊಂಡರು.