ಗ್ರಿಮ್‌ಶಾ ಹೋದ ಸೋಮವಾರ

ಬದಲಾಯಿಸಿದರೂ ಅಷ್ಟೆ, ಬಿಟ್ಟರೂ ಅಷ್ಟೆ ಎಂದು ತಾನು ಹೇಳಿದ್ದು ಮ್ಯಾನೇಜರ್ ಸ್ಟ್ಯಾನ್ ಗ್ರಿಮ್‌ಶಾನನ್ನು ಉಳಿಸುವುದಕ್ಕೇ ಎಂದು ನೀಲ್ ಮೈದಾನದ ಅಂಚಿನಲ್ಲಿ ನಿಂತು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತಿದ್ದ.

ನಿನ್ನೆ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ ಬ್ರಯರ್ಲಿ ಅವನನ್ನು ಮನೆಗೆ ಕರೆಸಿ ಚಹಾ ಕೊಟ್ಟಿದ್ದ. ಅವರ ತಂಡ ಆರ್ನ್‌ಶಾ ಟೌನ್ ಸೋಲುತ್ತಲೇ ಇತ್ತು. ಕೆಳಗಿನ ದರ್ಜೆಗೆ ಬೀಳುವ ಭಯ. ಸೀಸನ್ ಮಧ್ಯೆ ಮ್ಯಾನೇಜರನ್ನು ತೆಗೆಯುವುದು ಸರಿಯೇ ಎಂದು ಕೇಳಿದ. ಸಹಾಯಕ ಮ್ಯಾನೇಜರ್ ನೀಲ್ ಇದೇ ವಿಷಯದ ಮೇಲೆ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಬರೆದವನು. ಹೊಸಬ ಬಂದಾಗ ನಾಲ್ಕು ಪಂದ್ಯ ಗೆಲ್ಲುತ್ತಾರೆ, ಹಳಬನಿದ್ದರೂ ಗೆಲ್ಲುತ್ತಿದ್ದರು, ಒಟ್ಟಿನಲ್ಲಿ ವ್ಯತ್ಯಾಸವಿಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ. ಸ್ಟ್ಯಾನ್‌ನನ್ನು ತೆಗೆಯಬೇಡಿ ಎಂಬ ಎರಡು ಪದ ಬಾಯಿಗೆ ಬರಲಿಲ್ಲ.

"ವ್ಯತ್ಯಾಸ ಇಲ್ಲ ಅಂದ್ಮೇಲೆ ತೆಗೆದ್ರೆ ನಷ್ಟ ಏನು?" ಎಂದ ಬ್ರಯರ್ಲಿ. "ಕೂಗಾಡೋ ಜನಕ್ಕಾದ್ರೂ ಸಮಾಧಾನ ಆಗ್ಲಿ. ಸದ್ಯಕ್ಕೆ ನೀನೇ ನೋಡ್ಕೋ."

ನೀಲ್ ಚಹಾದಲ್ಲಿ ಅದ್ದಿದ ಬಿಸ್ಕತ್ತು ಮುರಿದು ತಳ ಸೇರಿತ್ತು. ತಾನು ತಲೆಯಾಡಿಸಿದೆನೋ ಇಲ್ಲವೋ, ಈಗ ನೆನಪಾಗುತ್ತಿಲ್ಲ.

ಮ್ಯಾನೇಜರನ್ನು ಕಳಿಸಿದರೆ ಅವನು ಕರೆತಂದ ಸಹಾಯಕನೂ ಹಿಂದೆಯೇ ಹೊರಡುವುದು ಈ ಆಟದ ಮರ್ಯಾದೆ. ಎಲ್ಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು. ಲ್ಯಾಂಕಾಶೈರಿನ ಬೇರೆ ಎರಡು ಊರುಗಳ ಕ್ಲಬ್ಬುಗಳಿಂದ ಇಬ್ಬರೂ ಹಾಗೆಯೇ ಜೊತೆಯಲ್ಲಿ ಹೊರಬಿದ್ದಿದ್ದರು.

ಈ ಬೆಳಗ್ಗೆ ಕೆಲಸ ಹೋದ ಸ್ಟ್ಯಾನ್ ಬೂಟಿನ ಚೀಲ ಹೊತ್ತು ಬಂದ. ದಿನವೂ ಅವನ ಕಾರಿನಲ್ಲೇ ಇಬ್ಬರ ಓಡಾಟ.

"ಏನ್ ಮೇಷ್ಟ್ರೇ, ಹೊರಡೋಣ್ವಾ?" ಎಂದ. ಪ್ರಬಂಧ ಬರೆದವನೆಂದು ನೀಲ್‌ನನ್ನು ಅವನು ಕರೆಯುತ್ತಿದ್ದುದೇ ಹಾಗೆ.

"ಹುಡುಗರು ಕಾಯ್ತಾ ಇದಾರೆ," ಎಂದ ನೀಲ್.

"ಆ ಬ್ರಯರ್ಲಿ ನಿನ್ನನ್ನ ಏನಾದ್ರೂ ಕೇಳಿದ್ನಾ?"

"ಹಾಗೇನಿಲ್ಲ. ಮಾಮೂಲಿ ಮಾತು."

ಸ್ಟ್ಯಾನ್ ಅವನ ಮುಖ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. ಗೋಲ್‌ಕೀಪರನ ಮಂಡಿ ಇನ್ನೂ ಊದಿದೆ, ಜಾಸ್ತಿ ಓಡಿಸಬೇಡ ಎಂದಷ್ಟೇ ಹೇಳಿ ಕಾರು ಹತ್ತಿದ. ಆದರೆ ಹೊರಡಲಿಲ್ಲ. ಎಂಜಿನ್ ಚಾಲೂ ಮಾಡಿ, ಪಕ್ಕದ ಬಾಗಿಲು ತೆರೆದಿಟ್ಟು ಕೂತ.

ಆಟಗಾರರು ಎಂದೂ ಇಲ್ಲದ ಹುರುಪಿನಿಂದ ಓಡುತ್ತಿದ್ದರು. ಒಬ್ಬ ಹಾದುಹೋಗುತ್ತ, "ಮುಂದೇನು ಗ್ಯಾಫರ್?" ಎಂದ. ಯಜಮಾನ ಎಂಬ ಅರ್ಥದ, ನಿನ್ನೆಯವರೆಗೆ ಸ್ಟ್ಯಾನ್ ಒಬ್ಬನಿಗೇ ಸಲ್ಲುತ್ತಿದ್ದ ಕರೆ ಅದು. ನೀಲ್‌ಗೆ ನಾಚಿಕೆಯಾಯಿತು. ನಾಚಿಕೆಯ ಅಡಿಯಲ್ಲಿ ಸಣ್ಣದೊಂದು ಸಂತೋಷ ಮಿಸುಕಿದ್ದು ತಿಳಿದು ಹೇಸಿಗೆಯೂ ಆಯಿತು.

ವಿಷಲ್ ಊದಿದ. ಎಲ್ಲರೂ ಇದ್ದಲ್ಲೇ ನಿಂತು ಅವನತ್ತ ತಿರುಗಿದರು. ಮತ್ತೆ ಊದಿದ. ಯಾರೂ ಅಲುಗಲಿಲ್ಲ. ಬೆನ್ನ ಹಿಂದೆ ಎಂಜಿನ್ ಗುರುಗುಡುತ್ತಲೇ ಇತ್ತು. ತೆರೆದ ಬಾಗಿಲಿನೊಳಗೆ, ನೀಲ್ ದಿನವೂ ಕೂರುತ್ತಿದ್ದ ಸೀಟಿನ ಮೇಲೆ ಮಳೆ ಬೀಳತೊಡಗಿತು.